ಬಿ-ಫಾರಂಗೆ ಮುಂಚಿನ ಚುನಾವಣೆ

ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಮಧ್ಯಾಹ್ನ 3 ಗಂಟೆಯೊಳಗೆ ಬಿ-ಫಾರಂ ಚುನಾವಣಾಧಿಕಾರಿಯ ಕೈ ಸೇರಬೇಕು. ಅದನ್ನು ತಂದುಕೊಟ್ಟವರು ಪಕ್ಷದ ಅಧಿಕೃತ ಅಭ್ಯರ್ಥಿ. ಉಳಿದ ಆಕಾಂಕ್ಷಿಗಳು ಬಂಡಾಯ ಏಳಬೇಕು, ಇಲ್ಲವೇ ಮುಖ ಊದಿಸಿಕೊಂಡು ಮನೆಯಲ್ಲಿ ಕೂರಬೇಕು. ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳಲ್ಲಿ ಮತದಾನಕ್ಕಿಂತ ಬಿರುಸಾದ ಜಗ್ಗಾಟ ನಡೆಯುವುದು ಈ ಒಂದು ಹಾಳೆಗಾಗಿ. ಅಮೆರಿಕದಲ್ಲಾದರೆ ಪಕ್ಷದೊಳಗಿನ ಈ ಸ್ಪರ್ಧೆಯನ್ನು ಪ್ರಾಥಮಿಕ ಚುನಾವಣೆಯಲ್ಲಿ ಮತದಾರರೇ ತೀರ್ಮಾನಿಸುತ್ತಾರೆ. ನಮ್ಮಲ್ಲಿ ಬೆಂಗಳೂರು ಮತ್ತು ದೆಹಲಿಯ ಮುಚ್ಚಿದ ಕೋಣೆಗಳು ತೀರ್ಮಾನಿಸುತ್ತವೆ. ಪ್ರಶ್ನೆ ಮಾತ್ರ ಎರಡೂ ಕಡೆ ಒಂದೇ. ಎದುರಾಳಿಯ ಮೇಲೆ ಏರಿಹೋಗುವ, ಬೇಡಿಕೆಯನ್ನು ಗಂಟಲೆತ್ತಿ ಹೇಳುವ ಗಡಸು ಮನುಷ್ಯನನ್ನು ನಿಲ್ಲಿಸಬೇಕೋ, ಎಲ್ಲ ಓಣಿಗಳಲ್ಲೂ ಸಲುವ ಹೊಂದಾಣಿಕೆಯ ಮನುಷ್ಯನನ್ನೋ? ಈ ಸೀಮೆಯ ಕಳೆದ ಕೆಲವು ಚುನಾವಣೆಗಳನ್ನು ಸಾಲಾಗಿ ಇಟ್ಟು ನೋಡಿದರೆ, ಅಭ್ಯರ್ಥಿಯ ಸ್ವಭಾವಕ್ಕೆ ನಾವು ಕೊಡುತ್ತಿರುವ ತೂಕ ಅತಿಯಾಯಿತು ಎನಿಸುತ್ತದೆ. ಟಿಕೆಟ್ ಯಾವ ಬಗೆಯ ಮನುಷ್ಯನಿಗೆ ಸಿಕ್ಕಿತು ಎಂಬುದಕ್ಕಿಂತ ಅದು ಯಾವ ದಾರಿಯಲ್ಲಿ ಸಿಕ್ಕಿತು, ಸಿಗದವರು ಆ ದಾರಿಯನ್ನು ಒಪ್ಪಿಕೊಂಡರೇ ಎಂಬುದೇ ಸೋಲು ಗೆಲುವುಗಳ ಹತ್ತಿರ ಇರುವ ಪ್ರಶ್ನೆ.

ಮೊದಲು ಅಲೆಯ ಲೆಕ್ಕ ನೋಡೋಣ. ಜಿಲ್ಲೆಯಲ್ಲಿ 7 ವಿಧಾನಸಭಾ ಕ್ಷೇತ್ರಗಳಿವೆ. ರಬಕವಿ-ಬನಹಟ್ಟಿ 2008ರಲ್ಲಿ ಹುಟ್ಟಿದ ತೇರದಾಳ ಕ್ಷೇತ್ರಕ್ಕೆ ಸೇರಿದೆ. 2008ರಲ್ಲಿ ಏಳಕ್ಕೆ ಏಳೂ ಬಿಜೆಪಿಯದಾದವು. 2013ರಲ್ಲಿ ಆರು ಕಾಂಗ್ರೆಸ್ಸಿಗೆ, ಒಂದು ಬಿಜೆಪಿಗೆ. 2018ರಲ್ಲಿ ಐದು ಬಿಜೆಪಿಗೆ, ಎರಡು ಕಾಂಗ್ರೆಸ್ಸಿಗೆ. 2023ರಲ್ಲಿ ಐದು ಕಾಂಗ್ರೆಸ್ಸಿಗೆ, ಎರಡು ಬಿಜೆಪಿಗೆ. ನಾಲ್ಕು ಸಲವೂ ರಾಜ್ಯದಲ್ಲಿ ಹೆಚ್ಚು ಸ್ಥಾನ ಪಡೆದ ಪಕ್ಷಕ್ಕೇ ಜಿಲ್ಲೆಯೂ ಒಲಿದಿದೆ. ಇದಕ್ಕಿಂತ ಕುತೂಹಲದ ಸಂಗತಿ, ಈ ಏರಿಳಿತದ ನಡುವೆ ಮುಖಗಳು ಅಷ್ಟೇನೂ ಬದಲಾಗಿಲ್ಲ. ಬೀಳಗಿಯಲ್ಲಿ 2013, 2018, 2023 ಮೂರೂ ಬಾರಿ ಬಿಜೆಪಿಯ ಮುರುಗೇಶ ನಿರಾಣಿ ಮತ್ತು ಕಾಂಗ್ರೆಸ್ಸಿನ ಜೆ.ಟಿ. ಪಾಟೀಲರೇ ಎದುರುಬದುರಾದರು. ಮೊದಲ ಸಲ ಪಾಟೀಲರು, ಎರಡನೆಯ ಸಲ ನಿರಾಣಿ, ಮೂರನೆಯ ಸಲ ಮತ್ತೆ ಪಾಟೀಲರು ಗೆದ್ದರು. ತೇರದಾಳದಲ್ಲಿ 2008, 2013, 2018ರಲ್ಲಿ ಬಿಜೆಪಿಯ ಸಿದ್ದು ಸವದಿ ಮತ್ತು ಕಾಂಗ್ರೆಸ್ಸಿನ ಉಮಾಶ್ರೀ ಎದುರಾಳಿಗಳು. ಸವದಿ, ಉಮಾಶ್ರೀ, ಸವದಿ ಎಂಬ ಕ್ರಮದಲ್ಲಿ ಗೆಲುವು ಹಂಚಿಕೆಯಾಯಿತು. ಹತ್ತು ವರ್ಷಗಳಲ್ಲಿ ಇವರಾರ ದನಿಯೂ ಏರಲಿಲ್ಲ, ಇಳಿಯಲಿಲ್ಲ. ಗಡಸುತನವೋ ಮೆದುತನವೋ ಫಲಿತಾಂಶವನ್ನು ತೀರ್ಮಾನಿಸುವುದಾಗಿದ್ದರೆ ಅದೇ ಜೋಡಿ, ಅದೇ ಕಣ, ಪ್ರತಿ ಬಾರಿಯೂ ಬೇರೆ ಉತ್ತರ ಕೊಡಲು ಸಾಧ್ಯವಿರಲಿಲ್ಲ. ಸಮಾಜವಿಜ್ಞಾನಿಗಳು ಹುಡುಕಿಕೊಂಡು ಹೋದರೂ ಇಷ್ಟು ಚೊಕ್ಕವಾದ ಪ್ರಯೋಗ ಸಿಗುವುದು ಕಷ್ಟ.

ಹಾಗಾದರೆ ಅಭ್ಯರ್ಥಿ ಯಾರಾದರೂ ಆದೀತೆ? ಅಲೆಗೆ ಎದುರಾಗಿ ನಿಂತ ಕ್ಷೇತ್ರಗಳು ಹಾಗೆ ಹೇಳಲು ಬಿಡುವುದಿಲ್ಲ. 2013ರಲ್ಲಿ ಇಡೀ ಜಿಲ್ಲೆ ಕಾಂಗ್ರೆಸ್ಸಿನ ಕಡೆ ವಾಲಿದಾಗ ಮುಧೋಳದಲ್ಲಿ ಗೋವಿಂದ ಕಾರಜೋಳರು ಉಳಿದುಕೊಂಡರು. 2018ರಲ್ಲಿ ಬಿಜೆಪಿ ಐದು ಕ್ಷೇತ್ರ ಗೆದ್ದಾಗ ಜಮಖಂಡಿಯಲ್ಲಿ ಸಿದ್ದು ನ್ಯಾಮಗೌಡರು ಕಾಂಗ್ರೆಸ್ಸಿಗೆ ಸ್ಥಾನ ಉಳಿಸಿಕೊಟ್ಟರು. 2023ರಲ್ಲಿ ಕಾಂಗ್ರೆಸ್ ರಾಜ್ಯದಲ್ಲಿ 135 ಸ್ಥಾನ ಪಡೆದಾಗಲೂ ಜಮಖಂಡಿ ಮತ್ತು ತೇರದಾಳ ಬಿಜೆಪಿಯ ಪಾಲಾದವು. ಈ ಅಪವಾದಗಳಲ್ಲಿ ನಿಧಾನವಾಗಿ ಓದಬೇಕಾದದ್ದು 2018ರ ಜಮಖಂಡಿ. ನ್ಯಾಮಗೌಡರು ಬಿಜೆಪಿಯ ಶ್ರೀಕಾಂತ ಕುಲಕರ್ಣಿಯವರನ್ನು ಸೋಲಿಸಿದ್ದು 2,795 ಮತಗಳಿಂದ. ಅದೇ ಕಣದಲ್ಲಿ ಮುರುಗೇಶ ನಿರಾಣಿಯವರ ತಮ್ಮ ಸಂಗಮೇಶ ನಿರಾಣಿ ಪಕ್ಷೇತರರಾಗಿ ನಿಂತು 20 ಸಾವಿರಕ್ಕೂ ಹೆಚ್ಚು ಮತ ತೆಗೆದುಕೊಂಡರು. ಬಂಡಾಯದ ಮತಗಳೆಲ್ಲ ಪಕ್ಷಕ್ಕೇ ಬರುತ್ತಿದ್ದವು ಎಂದು ಯಾರೂ ಹೇಳಲಾರರು. ಆದರೆ ಏಳರಲ್ಲಿ ಒಂದು ಪಾಲು ಬಂದಿದ್ದರೂ ಸಾಕಿತ್ತು. ಅಂದರೆ ಬಿಜೆಪಿ ಅಲ್ಲಿ ಸೋತದ್ದು ತನ್ನ ಅಭ್ಯರ್ಥಿ ಹೆಚ್ಚು ಮೆತ್ತಗಿದ್ದನೆಂದೂ ಅಲ್ಲ, ಹೆಚ್ಚು ಗಡಸಾಗಿದ್ದನೆಂದೂ ಅಲ್ಲ. ಟಿಕೆಟ್ ಹಂಚಿದ ರೀತಿಯನ್ನು ಪಕ್ಷದ ಒಂದು ಬಣ ಒಪ್ಪಲಿಲ್ಲ, ಅಷ್ಟೇ. ಆ ವರ್ಷದ ಮೇ 28ರಂದು ನ್ಯಾಮಗೌಡರು ಅಪಘಾತದಲ್ಲಿ ತೀರಿಕೊಂಡರು. ನವೆಂಬರಿನ ಉಪಚುನಾವಣೆಯಲ್ಲಿ ಅವರ ಮಗ ಆನಂದ ನ್ಯಾಮಗೌಡರು ಸುಮಾರು 39 ಸಾವಿರ ಮತಗಳ ಅಂತರದಿಂದ ಗೆದ್ದರು. ಅದರಲ್ಲಿ ಅನುಕಂಪವೂ ಆಗಿನ ಮೈತ್ರಿ ಸರ್ಕಾರದ ಬಲವೂ ಕೂಡಿದ್ದವು. ಆದ್ದರಿಂದ ಅದನ್ನು ಸಾಕ್ಷಿಯಾಗಿ ಎಳೆದು ತರುವುದು ಸರಿಯಲ್ಲ. 2023ರಲ್ಲಿ ಬಿಜೆಪಿ ಕುಲಕರ್ಣಿಯವರ ಬದಲು ಜಗದೀಶ ಗುಡಗುಂಟಿಯವರಿಗೆ ಬಿ-ಫಾರಂ ಕೊಟ್ಟು, ರಾಜ್ಯದಲ್ಲಿ ನೆಲಕಚ್ಚಿದ ವರ್ಷದಲ್ಲೇ ಈ ಕ್ಷೇತ್ರವನ್ನು ಗೆದ್ದುಕೊಂಡಿತು.

ಈ ಸೀಮೆಯಲ್ಲಿ ಧೈರ್ಯದ ಅಭ್ಯರ್ಥಿ ಎಂದರೆ ಯಾರು ಎಂದು ಕೇಳಿದರೆ 1991ಕ್ಕೆ ಹೋಗಲೇಬೇಕು. ಕೃಷ್ಣೆಯ ದಡದ ರೈತರು ಸರ್ಕಾರಕ್ಕೆ ಕಾಯ್ದು ಕಾಯ್ದು ಸಾಕಾಗಿ, ತಾವೇ ವಂತಿಗೆ ಎತ್ತಿ, ತಾವೇ ಮೈಮುರಿದು ದುಡಿದು 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಬ್ಯಾರೇಜ್ ಕಟ್ಟಿದರು. ಅದೇ ಶ್ರಮಬಿಂದು ಸಾಗರ. ಆ ಕೆಲಸದ ಮುಂದಾಳು ಸಿದ್ದು ನ್ಯಾಮಗೌಡರು; ‘ಬ್ಯಾರೇಜ್ ಸಿದ್ದು’ ಎಂಬ ಹೆಸರು ಕೊನೆತನಕ ಅವರಿಗೆ ಅಂಟಿಕೊಂಡಿತು. ಎರಡು ವರ್ಷದ ನಂತರ ಬಾಗಲಕೋಟೆ ಲೋಕಸಭಾ ಕ್ಷೇತ್ರಕ್ಕೆ ಜನತಾದಳದಿಂದ ರಾಮಕೃಷ್ಣ ಹೆಗಡೆಯವರು ಬಂದರು. ಮುಖ್ಯಮಂತ್ರಿಯಾಗಿದ್ದವರು, ಪ್ರಧಾನಿ ಪಟ್ಟಕ್ಕೂ ಹೆಸರು ಕೇಳಿಬಂದಿದ್ದವರು. ಅಂಥವರ ಎದುರು ಕಾಂಗ್ರೆಸ್ ನಿಲ್ಲಿಸಿದ್ದು ಬ್ಯಾರೇಜ್ ಕಟ್ಟಿದ ಈ ರೈತನನ್ನು. ಹೆಗಡೆಯವರು ಸುಮಾರು 21 ಸಾವಿರ ಮತಗಳಿಂದ ಸೋತರು; ಗೆದ್ದವರು ನರಸಿಂಹ ರಾವ್ ಸರ್ಕಾರದಲ್ಲಿ ಕಲ್ಲಿದ್ದಲು ಖಾತೆಯಲ್ಲಿ ಸಚಿವ ಹುದ್ದೆ ಪಡೆದರು. ಈ ಆಯ್ಕೆಯನ್ನು ಗಡಸು ಎನ್ನಬೇಕೋ ಮೆದು ಎನ್ನಬೇಕೋ? ಬೇಡಿಕೆಯಲ್ಲಿ ಅದು ಗಡಸು: ಸರ್ಕಾರ ಮಾಡದಿದ್ದರೆ ನಾವೇ ಮಾಡುತ್ತೇವೆ ಎನ್ನುವುದಕ್ಕಿಂತ ದೊಡ್ಡ ಸವಾಲು ಇನ್ನೇನಿದೆ? ನಡವಳಿಕೆಯಲ್ಲಿ ಅದು ಹೊಂದಾಣಿಕೆ: ಬ್ಯಾರೇಜಿನ ನೀರು ಜಾತಿ ಕೇಳಿ ಹರಿಯುವುದಿಲ್ಲ, ವಂತಿಗೆಯನ್ನೂ ಹಾಗೆ ಎತ್ತಲಾಗುವುದಿಲ್ಲ. ನಮ್ಮ ಟಿಕೆಟ್ ಚರ್ಚೆಗಳು ಈ ಎರಡನ್ನೂ ಬೇರ್ಪಡಿಸಿ ನೋಡುವುದೇ ಇಲ್ಲ. ದನಿ ಏರಿಸಿದವನನ್ನು ಧೈರ್ಯಶಾಲಿ ಎನ್ನುತ್ತೇವೆ. ಅವನು ಕೇಳುತ್ತಿರುವುದು ಏನನ್ನು, ಯಾರಿಂದ ಎಂದು ವಿಚಾರಿಸುವುದಿಲ್ಲ. ಇನ್ನೊಂದು ತುದಿಯಲ್ಲಿ ಬಿಜೆಪಿಯ ಪಿ.ಸಿ. ಗದ್ದಿಗೌಡರು ಇದ್ದಾರೆ. ಸುದ್ದಿಯಲ್ಲಿ ವಿರಳ, ಗದ್ದಲದಲ್ಲಿ ಇನ್ನೂ ವಿರಳ. ಆದರೂ 2004ರಿಂದ 2024ರವರೆಗೆ ಅದೇ ಲೋಕಸಭಾ ಕ್ಷೇತ್ರದಲ್ಲಿ ಸತತ ಐದು ಬಾರಿ ಗೆದ್ದಿದ್ದಾರೆ. ಇದರಲ್ಲಿ ದೆಹಲಿಯ ಅಲೆಯ ಪಾಲು ದೊಡ್ಡದು ಎಂಬುದು ನಿಜವೇ. ಆದರೆ ಗಡಸು ಮಾತಿಲ್ಲದೆ ಗೆಲ್ಲಲಾಗದು ಎನ್ನುವವರು ಆ ಐದು ಗೆಲುವುಗಳನ್ನು ಎಲ್ಲಿ ಇಡುತ್ತಾರೋ ತಿಳಿಯದು.

ಅಮೆರಿಕದಲ್ಲಿ ಈ ಪ್ರಶ್ನೆಯನ್ನು ಅಂಕಿಅಂಶಗಳ ಮೇಲೆ ಅಳೆದಿದ್ದಾರೆ. ರಾಜ್ಯಶಾಸ್ತ್ರಜ್ಞ ಆಂಡ್ರ್ಯೂ ಹಾಲ್ 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಪ್ರಾಥಮಿಕ ಚುನಾವಣೆಯಲ್ಲಿ ಕೂದಲೆಳೆಯ ಅಂತರದಿಂದ ಉಗ್ರ ನಿಲುವಿನವರು ಗೆದ್ದ ಕ್ಷೇತ್ರಗಳನ್ನೂ ಮಧ್ಯಮ ನಿಲುವಿನವರು ಗೆದ್ದ ಕ್ಷೇತ್ರಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಉಗ್ರರನ್ನು ನಿಲ್ಲಿಸಿದ ಪಕ್ಷ ಮುಖ್ಯ ಚುನಾವಣೆಯಲ್ಲಿ ಸರಾಸರಿ ಶೇ 9ರಿಂದ 13ರಷ್ಟು ಮತಪಾಲು ಕಳೆದುಕೊಂಡಿತ್ತು. ಮೂರು ವರ್ಷದ ನಂತರ ಅವರು ಡ್ಯಾನಿಯಲ್ ಥಾಂಪ್ಸನ್ ಜೊತೆ ಮಾಡಿದ ಇನ್ನೊಂದು ಅಧ್ಯಯನ ಅದರ ಕಾರಣವನ್ನೂ ತೋರಿಸಿತು: ಉಗ್ರ ಅಭ್ಯರ್ಥಿ ತನ್ನವರನ್ನು ಮತಗಟ್ಟೆಗೆ ಎಳೆದು ತರುವುದಕ್ಕಿಂತ ಹೆಚ್ಚಾಗಿ ಎದುರಾಳಿಯ ಕಡೆಯವರನ್ನು ಎಬ್ಬಿಸಿ ಕಳಿಸುತ್ತಾನೆ. 2010ರಲ್ಲಿ ಡೆಲಾವೇರ್ ರಾಜ್ಯದ ರಿಪಬ್ಲಿಕನ್ನರು ಎಲ್ಲರಿಗೂ ಸಲುವ ಮೈಕ್ ಕ್ಯಾಸಲ್ ಅವರನ್ನು ಬಿಟ್ಟು ಕ್ರಿಸ್ಟೀನ್ ಓಡಾನೆಲ್ ಅವರನ್ನು ಆರಿಸಿ, ಕೈಯಲ್ಲಿದ್ದಂತಿದ್ದ ಸೆನೆಟ್ ಸ್ಥಾನವನ್ನು ಬಿಟ್ಟುಕೊಟ್ಟದ್ದು ಇದರ ಹೆಸರಾಂತ ಉದಾಹರಣೆ. ಹಾಗೆಂದು ಈ ಅಂಕಿಗಳನ್ನು ತಂದು ಮುಧೋಳಕ್ಕೋ ಬೀಳಗಿಗೋ ಅಂಟಿಸಲಾಗದು. ಅಲ್ಲಿ ಗಡಸು ಮೆದು ಎಂಬುದು ಸಿದ್ಧಾಂತದ ಎಡಬಲಗಳ ಅಳತೆ. ಇಲ್ಲಿ ಎರಡೂ ಪಕ್ಷಗಳ ಅಭ್ಯರ್ಥಿಗಳು ನೀರಾವರಿಯ ಬಗ್ಗೆ, ಕೃಷ್ಣಾ ಮೇಲ್ದಂಡೆ ಯೋಜನೆಯ ಪುನರ್ವಸತಿಯ ಬಗ್ಗೆ, ನೇಕಾರರ ಸಾಲದ ಬಗ್ಗೆ ಹೆಚ್ಚುಕಡಿಮೆ ಒಂದೇ ಮಾತು ಆಡುತ್ತಾರೆ. ಇಲ್ಲಿ ಗಡಸುತನ ಎಂದರೆ ಬಹುಮಟ್ಟಿಗೆ ಧಾಟಿಯ ಮಾತು. ಆದರೂ ಎದುರಾಳಿಯ ಮನೆಯವರನ್ನು ಎಬ್ಬಿಸಿ ಕಳಿಸುವ ಆ ಸೂತ್ರ ಎಲ್ಲ ಕಡೆಗೂ ಹೊಂದೀತು ಎನಿಸುತ್ತದೆ.

ಇದಕ್ಕೆ ತಕ್ಷಣ ಬರುವ ಆಕ್ಷೇಪ ಪಕ್ಕದ ವಿಜಯಪುರದ್ದು. 2023ರಲ್ಲಿ ಕಾರಜೋಳರಂಥ, ನಿರಾಣಿಯವರಂಥ ಸಚಿವರು ಸೋತಾಗ ಬಸನಗೌಡ ಪಾಟೀಲ ಯತ್ನಾಳರು ವಿಜಯಪುರ ನಗರದಲ್ಲಿ ಗೆದ್ದರಲ್ಲ. ಮುಲಾಜಿಲ್ಲದ ಮಾತೇ ಅವರ ಬಂಡವಾಳವಲ್ಲವೇ? ಹೌದು, ಗೆದ್ದರು. ಆದರೆ ಒಂದು ನಗರ ಕ್ಷೇತ್ರದಲ್ಲಿ ಮತದಾರರು ಎರಡು ಪಾಳಯಗಳಾಗಿ ಒಡೆದು ನಿಂತಾಗ ದೊಡ್ಡ ಪಾಳಯದ ಉಗ್ರ ದನಿ ಲಾಭ ಮಾಡಿಕೊಳ್ಳಬಹುದು. ಲಿಂಗಾಯತರ ಒಳಪಂಗಡಗಳು, ಕುರುಬರು, ಪರಿಶಿಷ್ಟರು, ಮುಸ್ಲಿಮರು, ನೇಕಾರ ಸಮುದಾಯಗಳು ಎಲ್ಲವೂ ಹೆಣೆದುಕೊಂಡಿರುವ ಈ ನಾಲ್ಕು ತಾಲ್ಲೂಕುಗಳಲ್ಲಿ ಆ ಗಣಿತ ಕೂಡಿಬರುವುದಿಲ್ಲ. ಅದೇ ಗಡಸು ದನಿ ಪಕ್ಷದೊಳಗೆ ಏನಾಯಿತು ಎಂಬುದನ್ನೂ ನೋಡಬೇಕು: 2025ರ ಮಾರ್ಚ್‌ನಲ್ಲಿ ಬಿಜೆಪಿ ಯತ್ನಾಳರನ್ನು ಆರು ವರ್ಷ ಉಚ್ಚಾಟಿಸಿತು. ಲಿಂಗಾಯತರ ಒಳಪಂಗಡವಾದ ಪಂಚಮಸಾಲಿಗಳ ಮೀಸಲಾತಿಯ ಹೋರಾಟವೂ ಇಂಥದ್ದೇ ಪಾಠ ಹೇಳುತ್ತದೆ. 2021ರ ಆರಂಭದಲ್ಲಿ ಕೂಡಲಸಂಗಮದ ಬಸವಜಯ ಮೃತ್ಯುಂಜಯ ಸ್ವಾಮೀಜಿ ಬೆಂಗಳೂರಿನವರೆಗೆ ಪಾದಯಾತ್ರೆ ಹೊರಟರು. ಯತ್ನಾಳರದ್ದು ಅದರ ಗಡಸು ದನಿ, ಸರ್ಕಾರದೊಳಗಿದ್ದ ನಿರಾಣಿಯವರದ್ದು ತಾಳ್ಮೆಯ ದನಿ. 2022ರಲ್ಲಿ ಜಮಖಂಡಿ ತಾಲ್ಲೂಕಿನ ಆಲಗೂರಿನಲ್ಲಿ ಸಮುದಾಯದ ಮೂರನೆಯ ಪೀಠವೂ ಬಂತು. 2023ರ ಮಾರ್ಚ್‌ನಲ್ಲಿ ಬೊಮ್ಮಾಯಿ ಸರ್ಕಾರ ಮುಸ್ಲಿಮರ ಶೇ 4ರ ಮೀಸಲಾತಿ ತೆಗೆದು ಲಿಂಗಾಯತರಿಗೂ ಒಕ್ಕಲಿಗರಿಗೂ ತಲಾ ಶೇ 2 ಹಂಚಿದಾಗ, ಗಡಸು ಬೇಡಿಕೆಗೆ ಒಂದಿಷ್ಟು ಫಲ ಸಿಕ್ಕಿತು ಎಂದೇ ಹಲವರು ಭಾವಿಸಿದ್ದರು. ಎರಡು ತಿಂಗಳೊಳಗೆ ಬೀಳಗಿಯ ಫಲಿತಾಂಶ ಬಂತು: ನಿರಾಣಿ ಸೋತರು. ಗಡಸು ದನಿಯೂ ತಾಳ್ಮೆಯ ದನಿಯೂ ಒಂದೇ ಪಕ್ಷದೊಳಗೆ ಒಂದನ್ನೊಂದು ಕಚ್ಚುತ್ತಿದ್ದರೆ ಮತದಾರ ಎರಡನ್ನೂ ನಂಬುವುದಿಲ್ಲ.

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಮಧ್ಯಮರನ್ನೇ ನಿಲ್ಲಿಸುತ್ತ ಹೋದರೆ ನಿಜವಾದ ಬೇಡಿಕೆಗಳು ವಿಧಾನಸಭೆಗೆ ಹೋಗುವುದು ಯಾವಾಗ? ನ್ಯೂಯಾರ್ಕಿನಲ್ಲಿ 2025ರಲ್ಲಿ ಜೊಹ್ರಾನ್ ಮಮ್ದಾನಿ ಬಾಡಿಗೆ ಮತ್ತು ಬಸ್ ದರದಂಥ ಹೊಟ್ಟೆಪಾಡಿನ ವಿಷಯಗಳನ್ನೇ ಗಟ್ಟಿಯಾಗಿ ಹಿಡಿದು, ಪಕ್ಷದ ಹಿರಿಯರು ಬೆನ್ನಿಗೆ ನಿಂತಿದ್ದ ಆಂಡ್ರ್ಯೂ ಕ್ವೋಮೊ ಅವರನ್ನು ಪ್ರಾಥಮಿಕ ಚುನಾವಣೆಯಲ್ಲಿ ಸೋಲಿಸಿದರು, ಮೇಯರೂ ಆದರು. ಈ ನಾಲ್ಕು ತಾಲ್ಲೂಕುಗಳ ಹೊಟ್ಟೆಪಾಡು ಎಂದರೆ ಕಬ್ಬಿನ ದರ. 2025ರ ನವೆಂಬರ್‌ನಲ್ಲಿ ಸರ್ಕಾರ ಟನ್ನಿಗೆ ₹3,300 ಎಂದು ಘೋಷಿಸಿದ ಮೇಲೂ ಮುಧೋಳದ ರೈತರು ₹3,500 ಕೇಳಿ ಬೀದಿಯಲ್ಲೇ ಉಳಿದರು. ಸಮೀರವಾಡಿಯ ಕಾರ್ಖಾನೆಯ ಬಳಿ ಕಬ್ಬು ತುಂಬಿದ ಟ್ರಾಲಿಗಳು ಹೊತ್ತಿ ಉರಿದವು. ಆ ಬೇಡಿಕೆಯನ್ನು ಬಿ-ಫಾರಂ ಹಿಡಿದು ಬಂದವರು ಯಾರಾದರೂ ತಮ್ಮದಾಗಿಸಿಕೊಳ್ಳಬಲ್ಲರೇ? ಜಮಖಂಡಿಯಲ್ಲಿ 2023ರ ಇಬ್ಬರು ಮುಖ್ಯ ಅಭ್ಯರ್ಥಿಗಳನ್ನೇ ನೋಡಿ. ನ್ಯಾಮಗೌಡರ ಮನೆತನಕ್ಕೆ ಹಿರೇಪಡಸಲಗಿಯ ಜಮಖಂಡಿ ಶುಗರ್ಸ್‌ನ ನಂಟು, ಗುಡಗುಂಟಿಯವರಿಗೆ ಸಿದ್ದಾಪುರದ ಪ್ರಭುಲಿಂಗೇಶ್ವರ ಶುಗರ್ಸ್‌ನ ನಂಟು. ಬೀಳಗಿಯ ನಿರಾಣಿಯವರ ಸಕ್ಕರೆ ಸಾಮ್ರಾಜ್ಯದ ಬೇರು ಇರುವುದು ಮುಧೋಳದಲ್ಲಿ. ಕಾರ್ಖಾನೆ ಕಟ್ಟಿದವರು ಊರಿಗೆ ಉದ್ಯೋಗ ತಂದಿದ್ದಾರೆ, ಕಬ್ಬಿಗೆ ಮಾರುಕಟ್ಟೆ ತಂದಿದ್ದಾರೆ. ಅವರು ರಾಜಕೀಯಕ್ಕೆ ಬರಬಾರದು ಎಂದರೆ ಅದು ಮೂರ್ಖ ಮಾತು. ಆದರೆ ಎರಡೂ ಪಕ್ಷಗಳ ಬಿ-ಫಾರಂ ಕಬ್ಬು ಕೊಳ್ಳುವವರ ಕೈಗೇ ಹೋದರೆ, ಮಾರುವವರ ಮಟ್ಟಿಗೆ ಗಡಸು ಮೆದು ಎಂಬ ಆಯ್ಕೆಯೇ ಉಳಿಯುವುದಿಲ್ಲ. ಗಡಸು ಬೇಡಿಕೆ ರಸ್ತೆ ತಡೆಯಲ್ಲೇ ಉಳಿಯುತ್ತದೆ, ಟಿಕೆಟ್ಟಿನವರೆಗೆ ಬರುವುದೇ ಇಲ್ಲ. ಮಮ್ದಾನಿಯವರ ಗೆಲುವಿನಲ್ಲಿ ನಮಗೆ ಬೇಕಾದ ಸಂಗತಿಯೂ ಅದೇ: ಅವರ ದಾರಿಯಲ್ಲಿ ಸಾಮಾನ್ಯ ಸದಸ್ಯರು ಮತ ಹಾಕುವ ಒಂದು ಬಾಗಿಲಿತ್ತು.

ಆಯ್ಕೆಯ ಬಾಗಿಲು ಯಾರ ಕೈಯಲ್ಲಿದೆ ಎಂಬ ಈ ಪ್ರಶ್ನೆಗೆ ಭಾರತದಲ್ಲಿ ದೊಡ್ಡ ಚರಿತ್ರೆಯೇ ಇದೆ, ನಾವು ಅದನ್ನು ಮರೆತಿದ್ದೇವೆ. 1932ರ ಸೆಪ್ಟೆಂಬರ್ 24ರ ಪುಣೆ ಒಪ್ಪಂದ ಎಂದರೆ ಪ್ರತ್ಯೇಕ ಮತಕ್ಷೇತ್ರ ಹೋಗಿ ಮೀಸಲು ಸ್ಥಾನ ಬಂದದ್ದು ಎಂದಷ್ಟೇ ಶಾಲೆಯಲ್ಲಿ ಓದುತ್ತೇವೆ. ಆ ಒಪ್ಪಂದದೊಳಗೆ ಒಂದು ಪ್ರಾಥಮಿಕ ಚುನಾವಣೆಯೂ ಇತ್ತು. ಮೀಸಲು ಸ್ಥಾನವೊಂದಕ್ಕೆ ಮೊದಲು ದಲಿತ ಮತದಾರರಷ್ಟೇ ಮತ ಹಾಕಿ ನಾಲ್ವರ ಪಟ್ಟಿ ಮಾಡಬೇಕು. ಆ ನಾಲ್ವರಲ್ಲಿ ಒಬ್ಬರನ್ನು ಎಲ್ಲ ಮತದಾರರೂ ಸೇರಿ ಆರಿಸಬೇಕು. ಈ ವ್ಯವಸ್ಥೆಗೆ ಹತ್ತು ವರ್ಷದ ಆಯುಷ್ಯ ಕೊಟ್ಟಿದ್ದರು. 1935ರ ಕಾಯ್ದೆಯಡಿ ನಡೆದ ಚುನಾವಣೆಗಳಲ್ಲಿ ಅದು ಜಾರಿಯಲ್ಲಿತ್ತು. ಜಮಖಂಡಿ, ಮುಧೋಳಗಳು ಆಗ ದೇಶೀ ಸಂಸ್ಥಾನಗಳಾಗಿದ್ದರಿಂದ ಬ್ರಿಟಿಷ್ ಪ್ರಾಂತ್ಯಗಳ ಈ ಪ್ರಯೋಗದ ಹೊರಗಿದ್ದವು. ದಲಿತರು ತಮ್ಮ ಮೊದಲ ಆಯ್ಕೆ ಎಂದು ಮುಂದೆ ಕಳಿಸಿದವರು ಕೊನೆಯ ಮತದಾನದಲ್ಲಿ ಸೋಲುತ್ತಾರೆ, ಸವರ್ಣರಿಗೆ ಒಗ್ಗುವವರು ಗೆಲ್ಲುತ್ತಾರೆ ಎಂಬುದು ಅಂಬೇಡ್ಕರ್ ಅವರ ಬಹುಮುಖ್ಯ ತಕರಾರಾಗಿತ್ತು. ಗಡಸು ಮೆದು ಎಂಬ ನಮ್ಮ ಪ್ರಶ್ನೆಯ ಅತ್ಯಂತ ಗಂಭೀರ ರೂಪ ಇದು. ಉಳಿದದ್ದೆಲ್ಲ ಇದರ ಮುಂದೆ ಚುನಾವಣಾ ತಂತ್ರದ ಮಾತು. ಮುಧೋಳ ದಶಕಗಳಿಂದ ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರ. ಅಲ್ಲಿ ಗೆಲ್ಲಿಸುವವರಲ್ಲಿ ಹೆಚ್ಚಿನವರು ಪರಿಶಿಷ್ಟರಲ್ಲ. ಹೊಂದಾಣಿಕೆ ಅಲ್ಲಿ ಅಭ್ಯರ್ಥಿಯ ಗುಣವಲ್ಲ, ಕ್ಷೇತ್ರದ ಕಟ್ಟುಪಾಡು. 1994ರಲ್ಲಿ ಜನತಾದಳದಿಂದಲೂ 2004ರಿಂದ 2018ರವರೆಗೆ ಸತತ ನಾಲ್ಕು ಬಾರಿ ಬಿಜೆಪಿಯಿಂದಲೂ ಗೆದ್ದ ಕಾರಜೋಳರು ಉಪಮುಖ್ಯಮಂತ್ರಿಯಾದರು. 2023ರಲ್ಲಿ ಅವರನ್ನು ಸೋಲಿಸಿದ ಆರ್.ಬಿ. ತಿಮ್ಮಾಪುರ ಸಚಿವರಾದರು. ಇಬ್ಬರೂ ಎಲ್ಲ ಓಣಿಗಳಿಗೂ ಹೋಗಿಬರಬೇಕಾದವರೇ. ಅವರನ್ನು ಮೆತ್ತಗಿನವರು ಎಂದು ದೂರುವ ಮೊದಲು ಆ ಕಟ್ಟುಪಾಡನ್ನು ನೋಡಬೇಕು. ಪಕ್ಷಗಳು ಮನಸ್ಸು ಮಾಡಿದರೆ ಮೀಸಲು ಕ್ಷೇತ್ರದ ಟಿಕೆಟ್ಟಿಗಾದರೂ ತಮ್ಮ ದಲಿತ ಸದಸ್ಯರಿಂದ ಮೊದಲ ಪಟ್ಟಿ ಮಾಡಿಸಬಹುದು. ಅದಕ್ಕೆ ಯಾವ ಕಾಯ್ದೆಯೂ ಅಡ್ಡಿಯಿಲ್ಲ.

ಪಕ್ಷಗಳು ಏನೂ ಪ್ರಯತ್ನಿಸಿಲ್ಲ ಎಂದರೆ ಅನ್ಯಾಯವಾದೀತು. 2014ರಲ್ಲಿ ರಾಹುಲ್ ಗಾಂಧಿಯವರ ಒತ್ತಾಸೆಯಿಂದ ಕಾಂಗ್ರೆಸ್ ದೇಶದ ಹದಿನೈದರಷ್ಟು ಲೋಕಸಭಾ ಕ್ಷೇತ್ರಗಳಲ್ಲಿ ಒಳಚುನಾವಣೆ ನಡೆಸಿತು. ಕರ್ನಾಟಕದಲ್ಲಿ ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡ. ಬೆಂಗಳೂರಿನಲ್ಲಿ ಸಿ. ನಾರಾಯಣಸ್ವಾಮಿ, ಮಂಗಳೂರಿನಲ್ಲಿ ಹರ್ಷ ಮೊಯಿಲಿಯವರನ್ನು ಹಿಂದಿಕ್ಕಿ ಜನಾರ್ದನ ಪೂಜಾರಿ ಆಯ್ಕೆಯಾದರು. ಮುಖ್ಯ ಚುನಾವಣೆಯಲ್ಲಿ ಇಬ್ಬರೂ ಸೋತರು. ಇದನ್ನೇ ಹಿಡಿದು ಒಳಚುನಾವಣೆ ನಮಗೆ ಒಗ್ಗದು ಎನ್ನುವವರಿದ್ದಾರೆ. ಆದರೆ ಆ ವರ್ಷದ ಅಲೆಯಲ್ಲಿ ಒಳಚುನಾವಣೆ ಇಲ್ಲದೆ ನಿಂತ ಕಾಂಗ್ರೆಸ್ಸಿಗರೂ ದೇಶದುದ್ದಕ್ಕೂ ಸೋತರು. ಆ ಒಳಚುನಾವಣೆಗಳಲ್ಲಿ ಮತ ಹಾಕಿದ್ದು ಬ್ಲಾಕ್, ಜಿಲ್ಲಾ ಘಟಕಗಳ ಪದಾಧಿಕಾರಿಗಳು ಮತ್ತು ಪಕ್ಷದ ಚುನಾಯಿತ ಸದಸ್ಯರು. ಇಂಥ ಸಣ್ಣ ವಲಯ ಗಡಸು ಮನುಷ್ಯನನ್ನೂ ಆರಿಸುವುದಿಲ್ಲ, ಗೆಲ್ಲುವ ಮಧ್ಯಮನನ್ನೂ ಆರಿಸುವುದಿಲ್ಲ. ಹಳೆಯ ಪರಿಚಯವನ್ನು, ಹಳೆಯ ಋಣವನ್ನು ಆರಿಸುತ್ತದೆ. 2023ರ ಮಾರ್ಚ್ ಕೊನೆಯಲ್ಲಿ ಬಿಜೆಪಿ ರಾಜ್ಯದ ಎಲ್ಲ ಕ್ಷೇತ್ರಗಳ ಪದಾಧಿಕಾರಿಗಳಿಂದ ಗುಪ್ತ ಮತದಾನ ಮಾಡಿಸಿತು. ಒಳ್ಳೆಯ ಹೆಜ್ಜೆಯೇ. ಆದರೆ ಎಣಿಕೆಯ ಫಲಿತಾಂಶವನ್ನು ಹೊರಗೆ ಹೇಳಲಿಲ್ಲ. ಏಪ್ರಿಲ್‌ನ ಮೊದಲ ಪಟ್ಟಿಯಲ್ಲಿ 189 ಹೆಸರು ಬಂದವು, ಅದರಲ್ಲಿ 52 ಹೊಸ ಮುಖ. ಯಾರನ್ನು ಯಾಕೆ ಬಿಟ್ಟರು ಎಂದು ಕಾರ್ಯಕರ್ತರಿಗೆ ಹೇಳಲು ಕೈಯಲ್ಲಿ ಒಂದು ಅಂಕಿಯೂ ಇರಲಿಲ್ಲ. ಪಕ್ಕದ ಅಥಣಿಯಲ್ಲಿ ಟಿಕೆಟ್ ತಪ್ಪಿದ ಲಕ್ಷ್ಮಣ ಸವದಿಯವರು ಕಾಂಗ್ರೆಸ್ ಸೇರಿ 70 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ಅದೇ ಚುನಾವಣೆಗೆ ಕಾಂಗ್ರೆಸ್ ಹಿಡಿದ ದಾರಿ ಇನ್ನೂ ವಿಚಿತ್ರ: ಅರ್ಜಿಗೆ ₹5,000, ಜೊತೆಗೆ ಸಾಮಾನ್ಯ ವರ್ಗಕ್ಕೆ ₹2 ಲಕ್ಷ, ಪರಿಶಿಷ್ಟರಿಗೆ ₹1 ಲಕ್ಷದ ಡಿಡಿ. ಸಾವಿರಕ್ಕೂ ಮಿಕ್ಕಿ ಅರ್ಜಿಗಳು ಬಂದವು. ಹಣದಿಂದ ಸೋಸುವ ಜರಡಿಯಲ್ಲಿ ಮನುಷ್ಯ ಗಡಸೋ ಮೆದುವೋ ಎಂಬುದು ಹೇಗೆ ಕಂಡೀತು?

ತೇರದಾಳದ ಕಥೆ ಇಲ್ಲಿಗೆ ಹೊಂದುತ್ತದೆ. ರಬಕವಿ-ಬನಹಟ್ಟಿಯ ಮಗ್ಗಗಳ ನಡುವೆ ಕಾಂಗ್ರೆಸ್ 2008ರಲ್ಲಿ ಉಮಾಶ್ರೀಯವರನ್ನು ನಿಲ್ಲಿಸಿದ್ದು ಆ ಕಾಲಕ್ಕೆ ಎದೆಗಾರಿಕೆಯ ಆಯ್ಕೆ: ಹೆಣ್ಣು, ರಂಗಭೂಮಿ ಮತ್ತು ಸಿನಿಮಾದವರು, ಊರಿನವರಲ್ಲ, ನೇಕಾರ ಸಮುದಾಯದ ನಂಟು ಮಾತ್ರ ಇತ್ತು. ಸೋತರು. ಪಕ್ಷ ಕೈಬಿಡಲಿಲ್ಲ; 2013ರಲ್ಲಿ ಗೆದ್ದು ಸಚಿವರಾದರು. 2018ರಲ್ಲಿ ಮತ್ತೆ ಸೋತರು. 2023ರಲ್ಲಿ ಟಿಕೆಟ್ ಸಿದ್ದು ಕೊಣ್ಣೂರರಿಗೆ ಹೋಯಿತು, ಅವರೂ ಸಿದ್ದು ಸವದಿಯವರೆದುರು ಸೋತರು. ಕೆಲವೇ ತಿಂಗಳಲ್ಲಿ ಉಮಾಶ್ರೀ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಕೊಟ್ಟದ್ದೂ ತೆಗೆದದ್ದೂ ಮೇಲಿನವರೇ. ಬನಹಟ್ಟಿಯ ಮಗ್ಗದವರಿಗೆ ಎರಡು ಸಲವೂ ಸುದ್ದಿ ಬಂದದ್ದು ಟಿವಿಯಿಂದ. 2024ರ ಲೋಕಸಭಾ ಚುನಾವಣೆಯಲ್ಲೂ ಇದೇ ಆಯಿತು. 2019ರಲ್ಲಿ ಸೋತರೂ ಕ್ಷೇತ್ರದಲ್ಲಿ ಓಡಾಡಿಕೊಂಡಿದ್ದ ವೀಣಾ ಕಾಶಪ್ಪನವರ ಅವರ ಬದಲು ವಿಜಯಪುರ ಜಿಲ್ಲೆಯ ಸಚಿವರ ಮಗಳು ಸಂಯುಕ್ತಾ ಪಾಟೀಲರಿಗೆ ಕಾಂಗ್ರೆಸ್ ಟಿಕೆಟ್ ಸಿಕ್ಕಿತು. ವೀಣಾ ಅವರ ಬೆಂಬಲಿಗರ ಸಿಟ್ಟು ಬೀದಿಗೆ ಬಂತು, ಗದ್ದಿಗೌಡರು ಐದನೆಯ ಬಾರಿ ಗೆದ್ದರು.

ಎಲ್ಲ ಸದಸ್ಯರಿಗೂ ಮತ ಕೊಟ್ಟರೆ ಹಣವಂತ ನಕಲಿ ಸದಸ್ಯರನ್ನು ತುಂಬುತ್ತಾನೆ, ದೊಡ್ಡ ಜಾತಿ ಎಲ್ಲ ಟಿಕೆಟ್ಟುಗಳನ್ನೂ ಹೊಡೆದುಕೊಳ್ಳುತ್ತದೆ ಎಂಬುದು ಕೊನೆಯ, ಗಟ್ಟಿಯಾದ ಆಕ್ಷೇಪ. ಮೊದಲ ಭಾಗ ಹುಸಿಯಲ್ಲ; ಒಳಚುನಾವಣೆಯನ್ನು ಪಕ್ಷವೇ ಕೆಡಿಸಿದ್ದೂ ಉಂಟು. ರಾಜ್ಯ ಯುವ ಕಾಂಗ್ರೆಸ್ಸಿನ 2021ರ ಚುನಾವಣೆಯಲ್ಲಿ ಹೆಚ್ಚು ಮತ ಪಡೆದ ಮೊಹಮ್ಮದ್ ನಲಪಾಡ್ ಅವರನ್ನು ಅನರ್ಹಗೊಳಿಸಿ ರಕ್ಷಾ ರಾಮಯ್ಯ ಅವರನ್ನು ಅಧ್ಯಕ್ಷರೆಂದು ಘೋಷಿಸಿದರು. ಆಮೇಲೆ ಅವಧಿಯನ್ನು ಇಬ್ಬರಿಗೂ ಹಂಚಿದರು. ಮತ ಎಣಿಸಿ ಆಮೇಲೆ ನಿಯಮ ಓದುವ ಇಂಥ ಚುನಾವಣೆ ಯಾರ ಬಾಯಿಯನ್ನೂ ಮುಚ್ಚಿಸಲಾರದು. ಆದರೆ ಸದಸ್ಯರ ಮತದಾನ ಈ ಸೀಮೆಗೆ ಹೊಸದಲ್ಲ. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳಲ್ಲಿ (ಪಿಕೆಪಿಎಸ್) ಇಲ್ಲಿಯ ರೈತರು ಷೇರುದಾರರಾಗಿ ಮತ ಹಾಕುತ್ತಲೇ ಬಂದಿದ್ದಾರೆ. ಪಟ್ಟಿಯಿಂದ ಹೆಸರು ತೆಗೆಯುವ, ಕೊನೆ ಗಳಿಗೆಯಲ್ಲಿ ತುಂಬುವ ಆಟಗಳೂ ಅವರಿಗೆ ಬಾಯಿಪಾಠ. ಆದ್ದರಿಂದ ಮದ್ದೂ ಗೊತ್ತಿದೆ: ಪಟ್ಟಿಯನ್ನು ಬಹಳ ಮೊದಲೇ ಮುಚ್ಚಬೇಕು, ಊರ ಚಾವಡಿಯಲ್ಲಿ ಅಂಟಿಸಬೇಕು. ಜಾತಿಯ ಮಾತಿಗೆ ಬಂದರೆ, ಹೈಕಮಾಂಡ್ ಜಾತಿ ನೋಡದೆ ಟಿಕೆಟ್ ಕೊಡುತ್ತಿದೆ ಎಂದು ಯಾರೂ ಹೇಳುತ್ತಿಲ್ಲ. ಸಣ್ಣ ಸಮುದಾಯದವರಿಗೆ ಮೇಲಿನವರ ಕೃಪೆಯಿಂದ ಕೆಲವೊಮ್ಮೆ ಅವಕಾಶ ಸಿಗುತ್ತದೆ ಎಂಬುದು ನಿಜ, ಉಮಾಶ್ರೀಯವರೇ ಅದಕ್ಕೆ ಸಾಕ್ಷಿ. ಅಷ್ಟು ನಷ್ಟವನ್ನು ಒಪ್ಪಿಕೊಂಡೇ ಈ ವಾದ ಹೂಡಬೇಕು. ಮೊದಲ ಸುತ್ತಿನಲ್ಲಿ ಸದಸ್ಯರು ಮೂವರ ಪಟ್ಟಿ ಮಾಡಿ, ಆ ಮೂವರಲ್ಲಿ ಒಬ್ಬರನ್ನು ಪಕ್ಷ ಆರಿಸುವಂತಾದರೆ ನಷ್ಟ ಸ್ವಲ್ಪ ಕಡಿಮೆಯಾದೀತು.

ಸದಸ್ಯರ ಮತ ಗಡಸು ಮನುಷ್ಯನನ್ನು ತರುತ್ತದೋ ಮೆದು ಮನುಷ್ಯನನ್ನು ತರುತ್ತದೋ ಎಂದು ಈಗಲೇ ಹೇಳುವಂತಿಲ್ಲ. ಬೀಳಗಿಯಲ್ಲಿ ಒಂದು ಬಗೆ, ಮುಧೋಳದಲ್ಲಿ ಇನ್ನೊಂದು ಬಗೆ ಆದೀತು. ಆದರೆ ಎಣಿಕೆಯಾದ ಮೇಲೆ ಸೋತವನ ಕೈಯಿಂದ ಒಂದು ವಸ್ತು ಹೋಗುತ್ತದೆ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಪ್ರಾಥಮಿಕ ಚುನಾವಣೆಯಲ್ಲಿ ಸೋತವರು ಅದೇ ಚುನಾವಣೆಗೆ ಬೇರೆ ಹೆಸರಲ್ಲಿ ನಿಲ್ಲದಂತೆ ಕಾನೂನೇ ತಡೆಯುತ್ತದೆ. ನಮ್ಮಲ್ಲಿ ಅಂಥ ತಡೆ ಇಲ್ಲ, ಇರಬೇಕಾಗಿಯೂ ಇಲ್ಲ. ಪಕ್ಷೇತರನಾಗಿ ನಿಂತವನು ಊರೂರು ತಿರುಗಿ ಹೇಳುವುದು ಒಂದೇ ಮಾತು: ನನಗೆ ಅನ್ಯಾಯವಾಗಿದೆ. ಇಂತಿಷ್ಟು ಸದಸ್ಯರಲ್ಲಿ ಇಂತಿಷ್ಟು ಜನ ನಿನಗೆ ಮತ ಹಾಕಿದರು ಎಂದು ಚಾವಡಿಯಲ್ಲಿ ಬರೆದು ಅಂಟಿಸಿದ್ದರೆ ಆ ಮಾತಿಗೆ ಕಿವಿ ಕೊಡುವವರು ಕಡಿಮೆಯಾಗುತ್ತಾರೆ, 2018ರ ಜಮಖಂಡಿಯಂಥ ಕಣದಲ್ಲಿ 2,795 ಮತಗಳಷ್ಟಾದರೂ ಕಡಿಮೆ. ಮುಂದಿನ ವಿಧಾನಸಭಾ ಚುನಾವಣೆ 2028ಕ್ಕೆ. ಸದಸ್ಯರ ಪಟ್ಟಿಯನ್ನು ಒಂದು ವರ್ಷ ಮೊದಲೇ ಮುಚ್ಚಬೇಕೆಂದರೆ, ಎರಡೂ ಪಕ್ಷಗಳ ತಾಲ್ಲೂಕು ಘಟಕಗಳಿಗೆ 2027ರ ಬೇಸಿಗೆಯವರೆಗಷ್ಟೇ ಸಮಯವಿದೆ.